ಇನ್ನೂರಿಪ್ಪತ್ತು ಗ್ರಾಂ ಗ್ಯಾಸ್

೨೦೨೫ರ ಜುಲೈ ೭, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಭದ್ರಾವತಿಯ ಹಳೇನಗರದ ಮನೆಯಲ್ಲಿ ಸೀತಾ ದ್ವಾದಶಿಯ ಅಡುಗೆಗೆ ಒಲೆಯ ಮೇಲೆ ಕುಕ್ಕರ್ ಇಟ್ಟು, ಒಂದು ಕೈಯಲ್ಲಿ ಲೈಟರ್ ಹಿಡಿದುಕೊಂಡೇ ತಕ್ಕಡಿಯ ಅಂಕಿಯನ್ನು ಫೋನಿನಲ್ಲಿ ತಂಗಿ ವಾಣಿಗೆ ಓದಿ ಹೇಳಿದಳು.

"ಇಪ್ಪತ್ತೆರಡು ಕಿಲೋ ಆರುನೂರ ನಲವತ್ತು."

ಮೆಣಸಿನಕಾಯಿ ತೂಗುವ ಆ ತಕ್ಕಡಿಯ ಮೇಲೆ ಸಿಲಿಂಡರ್ ಕೂತು ಮೂರು ವಾರವಾಗಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ವಾಣಿ ಶಿವಮೊಗ್ಗದ ಹೊಸಮನೆಯಲ್ಲಿ ಕಟ್ಟಿಸಿದ ಮನೆಗೆ ಗ್ಯಾಸನ್ನೇ ತಂದಿಲ್ಲ. ಅಡುಗೆ, ಸ್ನಾನ ಎಲ್ಲ ಕರೆಂಟಿನಲ್ಲೇ. ಯಾವುದು ಅಗ್ಗ ಎಂಬ ವಾದ ಬಾಯಿಮಾತಿನಲ್ಲಿ ಮುಗಿಯದೆ, ಅಕ್ಕ ದಿನವೂ ಸಿಲಿಂಡರಿನ ತೂಕ, ತಂಗಿ ಅಡುಗೆಮನೆಯ ಯೂನಿಟ್ಟು ಹೇಳಬೇಕೆಂದು ತೀರ್ಮಾನವಾಗಿತ್ತು. ಒಂದು ವಾರದಿಂದ ಗ್ಯಾಸ್ ಸೋಲುತ್ತಿತ್ತು.

"ನಿನ್ನೆ ಎಂಟುನೂರ ಅರವತ್ತು ಅಂದಿದ್ದೆ," ಎಂದಳು ವಾಣಿ. "ಏಕಾದಶಿ ದಿನ ಒಲೆ ಹಚ್ಚಿದ್ಯಾ?"

"ನೀರೂ ಕಾಯಿಸಿಲ್ಲ ಮಾರಾಯ್ತಿ. ನಿನ್ನೆ ಒಂದಿನ ನಾನೇ ಗೆದ್ದೆ ಅಂತ ಬರ್ಕೋ."

ವಾಣಿ ಎರಡು ಅಂಕಿಗಳನ್ನು ಕಳೆದು ನೋಡಿದಳು. "ಅಕ್ಕ, ಇನ್ನೂರಿಪ್ಪತ್ತು ಗ್ರಾಂ ಹೋಗಿದೆ. ಲೈಟರ್ ಒತ್ಬೇಡ. ಯಾವ ಸ್ವಿಚ್ಚೂ ಮುಟ್ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗ್ದು, ಹೊರಗೆ ಹೋಗು."

ಸೀತಾ ಹೇಳಿದಷ್ಟನ್ನೂ ಮಾಡಿ ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ನಿಂತಳು.

"ಒಳಗೆ ಕಾಲಿಟ್ಟ ಕೂಡ್ಲೇ ಮೂಗಿಗೆ ಹೊಡೀಬೇಕಿತ್ತು. ನಿಂಗೆ ವಾಸ್ನೆ ಬರ್ಲಿಲ್ವಾ?"

ಶೀತವಾಗಿದೆ ಎಂದಿದ್ದರೆ ಸಾಕಿತ್ತು. ಗಾಂಧಿ ಬಜಾರಿನ ಖಾಜಾ ಪೀರ್ ತನ್ನ ದಿನಸಿ ಅಂಗಡಿಯಲ್ಲಿ ಸೀತಾಳ ಸಾರಿನ ಪುಡಿ ಇಟ್ಟು, ಹೊಸ ಗಿರಾಕಿಗಳಿಗೆಲ್ಲ "ಸೀತಮ್ಮ ಕಣ್ಣಲ್ಲಿ ಅಲ್ಲ, ಮೂಗಲ್ಲಿ ಹುರೀತಾರೆ" ಎನ್ನುತ್ತಿದ್ದ. ಮನೆ ನಡೆಯುತ್ತಿದ್ದುದು ಆ ಪುಡಿಯಿಂದ. ಆ ಮೂಗು ಎರಡು ವರ್ಷದ ಹಿಂದೆ ಒಂದು ಜ್ವರದಲ್ಲಿ ಹೋದದ್ದು ಮತ್ತೆ ಬಂದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಲೈಟರ್ ಇನ್ನೂ ಅವಳ ಕೈಯಲ್ಲೇ ಇತ್ತು.

"ವಾಣಿ, ನಂಗೆ ವಾಸ್ನೆನೇ ಬರಲ್ಲ. ಎರಡು ವರ್ಷ ಆಯ್ತು."

ವಾಣಿ ಕಾಲೇಜಿಗೆ ರಜೆ ಹೇಳಿ, ಇಂಡಕ್ಷನ್ ಒಲೆ, ತಳ ಚಪ್ಪಟೆಯಿದ್ದ ಬಾಣಲೆ ಮತ್ತು ಪ್ಲಗ್ಗಿಗೆ ಹಾಕುವ ಪುಟ್ಟ ಮೀಟರ್ ಹೊತ್ತುಕೊಂಡು ಬಸ್ಸಿಳಿದು ಬಂದಳು. ಗ್ಯಾಸಿನ ಟ್ಯೂಬು ಒಲೆಯ ತುದಿಯಲ್ಲಿ ಸೀಳಿಹೋಗಿತ್ತು.

"ಸೋರಿದ್ದನ್ನ ಲೆಕ್ಕದಿಂದ ತೆಗ್ದು ಹಾಕ್ತೀನಿ," ಎಂದಳು. "ಹಂಗೆ ಗೆದ್ರೆ ಗೆದ್ದ ಹಾಗಲ್ಲ."

"ಸೋರಿದ್ದೂ ನಾನು ದುಡ್ಡು ಕೊಟ್ಟಿದ್ದೇ. ಇರ್ಲಿ ಬಿಡು."

ಅಂದಿನ ಪುಡಿ ಸಂಜೆಗೆ ಸಿಗುತ್ತದೆ ಎಂದು ಖಾಜಾ ಪೀರನಿಗೆ ತಿಳಿಸಬೇಕಿತ್ತು. ಫೋನಿನಲ್ಲಿ ಅಷ್ಟನ್ನೇ ಹೇಳಿ ಇಡಬಹುದಾಗಿತ್ತು. ಆದರೆ ಬೆಳಿಗ್ಗೆ ಒಮ್ಮೆ ಆಡಿದ್ದ ಮೂಗಿನ ಮಾತು ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಆಡಿ, ಕಾದಳು.

"ಮೂಗಿನ ವಿಷ್ಯ ನಂಗೆ ಗೊತ್ತಿರ್ಲಿಲ್ಲ ಅಮ್ಮ," ಎಂದ ಖಾಜಾ ಪೀರ್. "ಧನಿಯಾ ಎರಡು ವರ್ಷದಿಂದ ಸ್ವಲ್ಪ ಜಾಸ್ತಿ ಹುರೀತಿದ್ದೀರ ಅನ್ನೋದು ಗೊತ್ತಿತ್ತು. ಶುರುನಲ್ಲಿ ನಾಲ್ಕು ಜನ ತಕರಾರು ತೆಗೆದ್ರು. ಈಗ ಅದೇ ಬೇಕು ಅಂತಾರೆ."

"ಹಾಗಾದ್ರೆ ಮೂಗು ಮೂಗು ಅಂತ ಯಾಕೆ ಹೇಳ್ತಿದ್ರಿ?"

"ವ್ಯಾಪಾರ ಅಲ್ವಾ. ಇನ್ನು ಹೇಳಲ್ಲ ಬಿಡಿ. ಆದ್ರೆ ಹಳೇ ಹದಕ್ಕೆ ಮಾತ್ರ ಹೋಗ್ಬೇಡಿ, ನನ್ನ ಧಂದೆ ಕೆಡತ್ತೆ."

ಸೀತಾ ಒಂದು ಕಿಲೋ ಕೊತ್ತಂಬರಿ ಬೀಜ ಬಾಣಲೆಗೆ ಸುರಿದಳು. ಜ್ವಾಲೆಯಿಲ್ಲದ ಒಲೆಯ ಮುಂದೆ ಮೊದಮೊದಲು ಕೈ ತಡವರಿಸಿತು. ವಾಣಿ ಪಕ್ಕದಲ್ಲಿ ನಿಂತು ಬಾಣಲೆಯ ಮೇಲೆ ಬಗ್ಗಿದಳು.

"ಈಗ ಇಳ್ಸು. ಘಮ್ಮಂತಿದೆ."

ಸೀತಾ ಸೌಟು ಆಡಿಸುತ್ತಲೇ ಇದ್ದಳು.

"ಅಕ್ಕ, ಸೀದು ಹೋಗತ್ತೆ."

"ಮೂಗು ಮುಚ್ಕೊಂಡು ನಿಂತ್ಕೋ ಸ್ವಲ್ಪ."

ಬೀಜಗಳ ಚಟಪಟ ನಿಂತು, ಬಣ್ಣ ಇನ್ನೊಂದಿಷ್ಟು ಕಂದಿತು. ಆಗ ಒಲೆ ಆರಿಸಿ, ಬೀಜವನ್ನು ತಟ್ಟೆಗೆ ಸುರಿದು, ಬೆರಳಿನಿಂದ ತೆಳ್ಳಗೆ ಹರಡಿದಳು. ಪ್ಲಗ್ಗಿನ ಮೀಟರಿನಲ್ಲಿ ೦.೨೧ ಯೂನಿಟ್ ಎಂದಿತ್ತು.