ಲೆಸ್ಟರನ ಕಲ್ಲಿಗೊಂದು ಹೆಸರು

"ಮೇಷ್ಟ್ರೇ, ನನ್ನ ಕಲ್ಲಿಗೆ ಹೆಸರಿಡೋಕೆ ಒಂದು ನಾಲ್ಕು ಸಾಲು ಬರ್ದ್ಕೊಡು. ನಂಗೆ ಅಕ್ಷರ ಎಲ್ಲಾ ಇರುವೆ ಥರ ಓಡಾಡ್ತಾವೆ," ಎಂದು ಲೆಸ್ಟರ್ ಖಾಲಿ ಹಾಳೆಯೊಂದನ್ನು ಮೇಜಿನ ಮೇಲೆ ತಳ್ಳಿದ.

ಬೆವನ್ ಇದಕ್ಕಾಗಿಯೇ ಹತ್ತು ವರ್ಷದಿಂದ ಕಾದಿದ್ದ. ಲೆಸ್ಟರ್ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಅಧಿಕೃತ ಸಂಖ್ಯೆ ಸಿಕ್ಕಿ ಬರುವ ತಿಂಗಳಿಗೆ ಹತ್ತು ವರ್ಷ. ಅಷ್ಟರೊಳಗೆ ಹೆಸರು ಸೂಚಿಸದಿದ್ದರೆ ಕಂಡುಹಿಡಿದವನ ಹಕ್ಕು ಹೋದಂತೆ. ಆದರೂ ಬೆವನ್ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಕೂನಬರಬ್ರನ್ ಊರಿನಾಚೆ, ಲೆಸ್ಟರನ ಕುರಿ ಹೊಲದಲ್ಲಿ ಇಬ್ಬರೂ ಸೇರಿ ಆಕಾಶ ನೋಡಲು ತಗಡಿನ ಗುಮ್ಮಟ ಕಟ್ಟಿದ ದಿನವೇ ಕೈ ಕುಲುಕಿ ಮಾತಾಗಿತ್ತಲ್ಲ. ನಿಯಮದ ಪ್ರಕಾರ ತಾನು ಕಂಡದ್ದಕ್ಕೆ ತನ್ನದೇ ಹೆಸರಿಟ್ಟುಕೊಳ್ಳುವಂತಿಲ್ಲ. ಹಾಗಾಗಿ ಲೆಸ್ಟರನಿಗೆ ಸಿಕ್ಕಿದ ಕಲ್ಲಿಗೆ ಬೆವನ್ ಹೆಸರು, ಬೆವನ್‌ಗೆ ಸಿಕ್ಕಿದ್ದಕ್ಕೆ ಲೆಸ್ಟರನ ಹೆಸರು. ಇಪ್ಪತ್ತೆರಡು ವರ್ಷದಲ್ಲಿ ಬೆವನ್‌ಗೆ ಸಿಕ್ಕಿದ್ದು ಬೆನ್ನುನೋವು ಮಾತ್ರ.

"ಹೆಸರು ಏನಂತ ಹಾಕ್ಲಿ?" ಎಂದ. ಗೊತ್ತಿದ್ದೂ ಕೇಳಿದ, ಕಿವಿಯಾರೆ ಕೇಳುವ ಆಸೆ.

"ನೋಲೀನ್."

"ಯಾವ ನೋಲೀನ್?"

"ಊರ್ತುಂಬಾ ಎಷ್ಟು ಜನ ನೋಲೀನರು ಇದಾರೋ? ನಿನ್ನ ಹೆಂಡ್ತಿ ಕಣೋ."

ಬೆವನ್ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲೇ ಕರಗಿ ಬಿತ್ತು. "ನೀನು ಮಾತು ಕೊಟ್ಟಿದ್ದೆ, ಲೆಸ್."

"ಕೊಟ್ಟಿದ್ದೆ. ನಾನು ಹುಡುಕಿದ್ದು ನಿಂಗೆ ಅಂತ. ಆದ್ರೆ ಇದು ನಾನು ಹುಡುಕಿದ್ದಲ್ವಲ್ಲ ಮಾರಾಯ. ಆವತ್ತು ಅವಳು ಕುಂಬಳಕಾಯಿ ಸೂಪ್ ತಂದಿದ್ಲು. ನೀನು ಆಕಾಶದ ಮೂರು ಫೋಟೋ ಹಿಂದೆ ಮುಂದೆ ಮಾಡ್ತಾ ಕೂತಿದ್ದೆ. 'ಆ ಚುಕ್ಕಿ ಜರುಗ್ತಾ ಇದೆ ನೋಡು' ಅಂದ್ಲು. ನೀನೇನಂದೆ?"

ಅಂದದ್ದು ಬೆವನ್‌ಗೆ ಚೆನ್ನಾಗಿಯೇ ನೆನಪಿತ್ತು. 'ಧೂಳು ಕಣೇ, ಸೂಪ್ ಆ ಕಡೆ ಇಡು, ಕಂಪ್ಯೂಟರ್ ಮೇಲೆ ಚೆಲ್ಲೀಯ.' ಗುಮ್ಮಟದ ಬಾಗಿಲಾಚೆ ಲೆಸ್ಟರ್ ನಿಂತಿದ್ದನೆಂದು ಮಾತ್ರ ಇವತ್ತಿನವರೆಗೂ ಗೊತ್ತಿರಲಿಲ್ಲ.

"ನೀನೆದ್ದು ಹೋದ್ಮೇಲೆ ನಾನು ನೋಡ್ದೆ. ಕಲ್ಲೇ ಅದು," ಎಂದ ಲೆಸ್ಟರ್, ದನಿ ತಗ್ಗಿಸಿ. "ಇನ್ನೊಂದು ಸಿಗ್ಲಿ, ಅದನ್ನ ನಿಂಗೆ ಕೊಟ್ಟು ಎರಡನ್ನೂ ಒಟ್ಟಿಗೇ ಹೇಳೋಣ ಅಂತ ಕಾದೆ. ಈಗ ದೊಡ್ಡ ಟೆಲಿಸ್ಕೋಪ್ ಯಂತ್ರಗಳು ಬಂದು ಆಕಾಶದ ಕಲ್ಲನ್ನೆಲ್ಲ ಗುಡಿಸಿಕೊಂಡು ಹೋಗ್ತಾವೆ. ನನ್ನ ಕಣ್ಣೂ ಹೋಯ್ತು. ಭಾನುವಾರ ಊಟಕ್ಕೆ ಬರ್ತಾ ತಗೊಂಡು ಬಾ, ಸಹಿ ಹಾಕ್ತೀನಿ. ಅಲ್ಲೀವರ್ಗೂ ಅವಳಿಗೆ ಹೇಳ್ಬೇಡ."

ನಲವತ್ತೊಂದು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಕಂಡು ಹೊಟ್ಟೆಕಿಚ್ಚುಪಡುವುದನ್ನು ಬೆವನ್ ಆ ವಾರ ಕಲಿತ. ಅವಳು ಗುನುಗುತ್ತ ಆಲೂಗಡ್ಡೆ ಸುಲಿದರೆ ಮೈ ಉರಿಯಿತು. ತಂತಿಯ ಮೇಲೆ ಕೂತ ಗಲಾ ಗಿಳಿಗಳನ್ನು ತೋರಿಸಿ ಅವಳು ನಕ್ಕರೆ ಇನ್ನಷ್ಟು ಉರಿಯಿತು. ಶುಕ್ರನನ್ನು ತೋರಿಸಿದರೆ ವಿಮಾನವಾ ಎಂದು ಕೇಳುವವಳು! ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡವನು ತಾನು, ಫ್ಲಾಸ್ಕ್ ಹಿಡಿದು ಬಂದು ಒಮ್ಮೆ ಇಣುಕಿದವಳು ಇವಳು. ಮುಂದೆ ಸಾವಿರ ವರ್ಷ ಸೂರ್ಯನನ್ನು ಸುತ್ತುವುದು ಇವಳ ಹೆಸರು.

"ಯಾಕೆ ಮುಖ ಊದಿಸ್ಕೊಂಡಿದೀಯ? ಹೊಟ್ಟೆ ಸರಿ ಇಲ್ವಾ?" ಎಂದಳು ನೋಲೀನ್.

"ಏನೂ ಇಲ್ಲ. ನಿನ್ನ ಕೆಲ್ಸ ನೋಡ್ಕೋ."

ಶನಿವಾರ ಅವನು ಬರೆದು ಅಚ್ಚು ತೆಗೆದ. ಹೆಸರು: ಟ್ರೆಗೆನ್ಜಾ. 'ಶಾಲಾ ಶಿಕ್ಷಕ ಬೆವನ್ ಟ್ರೆಗೆನ್ಜಾ ಇಪ್ಪತ್ತೆರಡು ವರ್ಷ ಕ್ಷುದ್ರಗ್ರಹಗಳನ್ನು ಅರಸಿದ ಹವ್ಯಾಸಿ. ಪತ್ನಿ ನೋಲೀನ್ ಅವರಿಗೆ ಒತ್ತಾಸೆಯಾಗಿ ನಿಂತರು.' ಇದರಲ್ಲಿ ಸುಳ್ಳೆಲ್ಲಿದೆ? ಮನೆತನದ ಹೆಸರು ಅವಳದ್ದೂ ಹೌದಲ್ಲ. ಲೆಸ್ಟರನಿಗೆ ಓದಲು ಕಣ್ಣು ಕಾಣದು, ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಾನೆ. ಹೀಗೆ ತನಗೆ ತಾನೇ ಹೇಳಿಕೊಂಡರೂ ಅವತ್ತು ಅವನಿಗೆ ಊಟ ಸೇರಲಿಲ್ಲ.

ಭಾನುವಾರ ಲೆಸ್ಟರನ ಅಡುಗೆಮನೆಯಲ್ಲಿ ಕುರಿಮಾಂಸದ ಊಟ ಮುಗಿದು, ನೋಲೀನ್ ತಾನು ತಂದಿದ್ದ ಲ್ಯಾಮಿಂಗ್ಟನ್ ಕೇಕುಗಳನ್ನು ತಟ್ಟೆಗೆ ಜೋಡಿಸಿದಳು. ಬೆವನ್ ಹಾಳೆ ತೆಗೆದಿಟ್ಟು ಪೆನ್ನನ್ನು ಲೆಸ್ಟರನ ಕೈಗೆ ಕೊಟ್ಟ.

"ಸಹಿ ಆಮೇಲೆ. ಮೊದ್ಲು ಓದು," ಎಂದ ಲೆಸ್ಟರ್. "ಜೋರಾಗಿ. ನೋಲೀ, ಕೇಳಿಸ್ಕೊಳ್ಳೇ, ನಿಂಗೊಂದು ವಿಷ್ಯ ಇದೆ."

ಬೆವನ್ ಹಾಳೆ ಎತ್ತಿಕೊಂಡು ಲೆಸ್ಟರನನ್ನು ನೋಡಿದ. ನೋಲೀನ್ ಅಲ್ಲಿದ್ದಾಳೆಂದುಕೊಂಡು ಮುದುಕ ಫ್ರಿಜ್ಜಿನ ಕಡೆ ಮುಖಮಾಡಿ, ಹಲ್ಲುಬಿಟ್ಟು ನಗುತ್ತ ಕಾಯುತ್ತಿದ್ದ. ಹತ್ತು ವರ್ಷ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮುಖ ಅದು. ಬೆವನ್ ಅಚ್ಚಾದ ಸಾಲುಗಳಿಂದ ಕಣ್ಣು ಕಿತ್ತ.

"ಹೆಸರು, ನೋಲೀನ್," ಎಂದು ಓದತೊಡಗಿದ. "ಈ ಕ್ಷುದ್ರಗ್ರಹ ಜರುಗುತ್ತಿರುವುದನ್ನು... ಎಲ್ಲರಿಗಿಂತ ಮೊದಲು ಕಂಡವರು ನೋಲೀನ್ ಟ್ರೆಗೆನ್ಜಾ. ಇಪ್ಪತ್ತೆರಡು ವರ್ಷ ಅವರು ಇಬ್ಬರು ಹವ್ಯಾಸಿಗಳಿಗೆ ಬಿಸಿ ಸೂಪು ತಂದುಕೊಟ್ಟರು, ಅವರಿಗಿಂತ ಚೆನ್ನಾಗಿ ನೋಡಿದರು."

ಬೆನ್ನ ಹಿಂದೆ ಚಹಾ ಬಗ್ಗಿಸುವ ಸದ್ದು ನಿಂತಿತು. ಬೆವನ್ ತಿರುಗಿದ. ನೋಲೀನ್ ಕೆಟಲ್ ಹಿಡಿದು ಅವನ ಹೆಗಲ ಹಿಂದೆಯೇ ನಿಂತಿದ್ದಳು. ಅವಳ ಕಣ್ಣು ಹಾಳೆಯ ಮೇಲಿತ್ತು.

"ಭಲೇ ಮೇಷ್ಟ್ರೇ!" ಲೆಸ್ಟರ್ ಮೇಜು ಗುದ್ದಿದ. "ನೋಲೀ, ಏನಾದ್ರೂ ಅನ್ನೇ. ಬೆವ್, ಸಹಿ ಎಲ್ಲಿ? ಬೆರಳಿಟ್ಟು ತೋರ್ಸು."

ಬೆವನ್‌ನ ಬೆರಳು ಏಳಲಿಲ್ಲ. ನೋಲೀನ್ ಕೆಟಲ್ ಕೆಳಗಿಟ್ಟಳು. ಅವನ ಕೈಯಿಂದ ಹಾಳೆ ಬಿಡಿಸಿಕೊಂಡಳು, ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದಳು, ಅವನನ್ನು ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ತಡಿ ಲೆಸ್," ಎಂದಳು. "ಅಚ್ಚು ಸರಿಯಾಗಿ ಬಂದಿಲ್ಲ. ನಾನು ಬರ್ಕೋತೀನಿ, ಆ ಪೆನ್ನು ಕೊಡು."

ಹಾಳೆಯನ್ನು ಬೋರಲು ಹಾಕಿ, ಕುರ್ಚಿ ಎಳೆದುಕೊಂಡು ಕೂತಳು. "ಹೂಂ, ಹೇಳಿ ಮೇಷ್ಟ್ರೇ. ನಿಧಾನಕ್ಕೆ."

ಬೆವನ್ ಮಕ್ಕಳಿಗೆ ಉಕ್ತಲೇಖನ ಕೊಡುವಂತೆ ಒಂದೊಂದೇ ಪದ ಹೇಳಿದ. ಅವಳು ತಲೆಯೆತ್ತದೆ ಬರೆದಳು. 'ಎಲ್ಲರಿಗಿಂತ ಮೊದಲು ಕಂಡವರು ನೋಲೀನ್ ಟ್ರೆಗೆನ್ಜಾ' ಎಂಬಲ್ಲಿಗೆ ಬಂದು ಅವನು ತಡೆದು ನಿಂತ. ಆಮೇಲೆ, "ಅವರ ಪತಿ ಅದನ್ನು ಧೂಳು ಎಂದಿದ್ದರು," ಎಂದ.

ಪೆನ್ನು ನಿಂತಿತು. "ಇದು ಆಗ್ಲೇ ಓದ್ದಾಗ ಇರ್ಲಿಲ್ಲ."

"ಈಗ ಇದೆ. ಬರಿ."

ಲೆಸ್ಟರ್ ಫ್ರಿಜ್ಜಿನ ಕಡೆಗೇ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ನೋಲೀನ್ ನಗಲಿಲ್ಲ. ಅವಳು ಆ ಸಾಲನ್ನೂ ಬರೆದಳು. ಹಾಳೆ ತೆಳುವಾಗಿತ್ತು. ಆ ಮಗ್ಗುಲಲ್ಲಿ ಅಚ್ಚಾಗಿದ್ದ ಬೆವನ್‌ನ ಹೆಸರು ತಿರುವುಮುರುವಾಗಿ, ಮಸುಕಾಗಿ ಈಚೆಗೂ ಕಾಣುತ್ತಿತ್ತು. ಅವಳ ನೀಲಿ ಅಕ್ಷರಗಳು ಅದರ ಮೇಲೆ ಹಾದು ಹಾಳೆಯ ಅಂಚಿನವರೆಗೂ ಹೋದವು.