ಹನ್ನೊಂದು ಹಾಕಿ ನೋಡ್ರಿ

"ಏಳು ತಾಯಿ, ಹತ್ತರ ಬಸ್ಸು ತಪ್ಪಿದ್ರ ಮುಂದಿನದು ಹನ್ನೆರಡಕ್ಕ," ಎನ್ನುತ್ತ ಸುವರ್ಣಮ್ಮ ನೆಲದ ಮೇಲೆ ಕೂತಿದ್ದ ಆಫ್ರೀನಳ ರಟ್ಟೆ ಹಿಡಿದು ಎಬ್ಬಿಸಿದರು.

ಅಂಗಳದಲ್ಲಿ ಅವರ ಗಂಡ ಮಾರೆಣ್ಣ ಮೇಷ್ಟ್ರ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕುರುಗೋಡಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟ ಜೀವ. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

"ಸಾರನ್ನ ಹಿಂಗ ಬಿಟ್ಟು ಹ್ಯಾಂಗ ಹೋಗ್ಲಿ ಅಮ್ಮಾರ?"

"ಅವರಿದ್ದಿದ್ರ ಈಗ ನಿನ್ನ ಜೋಡಿ ಬಸ್ ಸ್ಟ್ಯಾಂಡಿನಾಗ ನಿಂತಿರತಿದ್ರು."

ಅದು ನಿಜ. ಬಳ್ಳಾರಿಯಲ್ಲಿ ಗಣಿ ಮಾಲೀಕರೊಬ್ಬರ ಟ್ರಸ್ಟು ಪರೀಕ್ಷೆ ನಡೆಸಿ ಇಪ್ಪತ್ತು ಹುಡುಗಿಯರನ್ನು ಆರಿಸಿ, ಕಾಲೇಜು, ಹಾಸ್ಟೆಲ್ಲು ಎರಡನ್ನೂ ಪುಕ್ಕಟೆ ಕೊಡುತ್ತಿತ್ತು. ಮೇಷ್ಟ್ರ ಶಿಷ್ಯೆ ಆಫ್ರೀನ್ ಒಂದೇ ಅಂಕದಿಂದ ಹಿಂದೆ ಬಿದ್ದಿದ್ದಳು. 3(x − 2) = 2x + 5 ಎಂಬ ಎರಡು ಅಂಕದ ಲೆಕ್ಕಕ್ಕೆ ಅವಳು ಹನ್ನೊಂದು ಎಂದು ಬರೆದಿದ್ದಳು. ಟ್ರಸ್ಟಿನವರ ಉತ್ತರಪಟ್ಟಿಯಲ್ಲಿ ಏಳು ಅಂತಿತ್ತು. ಮೇಷ್ಟ್ರು ಹಿಂದಿನ ದಿನವೇ ತಕರಾರು ಅರ್ಜಿ ಬರೆದಿಟ್ಟಿದ್ದರು. ಇವತ್ತು ಎರಡು ಗಂಟೆಗೆ ಗಡುವು ಮುಗಿಯುತ್ತಿತ್ತು. ಅದಿರಿನ ಲಾರಿ ಓಡಿಸುವ ಅವಳ ಅಪ್ಪ ನಾಸಿರ್ ಮೊದಲೇ ಹೇಳಿಬಿಟ್ಟಿದ್ದ: ಸೀಟು ಸಿಕ್ರ ಓದು, ಇಲ್ಲಾಂದ್ರ ಕಾರ್ಖಾನ್ಯಾಗ ಜೀನ್ಸ್ ಹೊಲಿಯಾಕ ನಡಿ.

ಮೇಷ್ಟ್ರ ಅಣ್ಣ ಓಬಣ್ಣ ಗದರಿದ. "ಹೆಣ ಅಂಗಳದಾಗ ಐತಿ. ಅರ್ಜಿ ಗಿರ್ಜಿ ಅಂತ ಕುಂತೀಯಲ್ಲ, ನಾಲ್ಕು ಮಂದಿ ಏನಂದಾರು?"

"ಭಾವಾರ, ಅಳಾಕ ನನಗ ಬೇಕಾದಷ್ಟು ದಿನ ಅದಾವ. ಆಕಿ ಅರ್ಜಿಗೆ ಇವತ್ತೊಂದ ದಿನ." ಸುವರ್ಣಮ್ಮನ ಕಣ್ಣು ಒಣಗಿಯೇ ಇದ್ದವು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದ ಹಳೆಯ ಶಿಷ್ಯ ಜಂಬಣ್ಣ ನಡುವೆ ಬಾಯಿ ಹಾಕಿದ. "ಕಳಿಸ್ರಿ ಓಬಣ್ಣಾರ. ಸಾರ್ ನನ್ನ ಸಲುವಾಗಿ ಸಿರುಗುಪ್ಪಕ್ಕ ಬಂದಿದ್ರು, ನಿಮಗ ಗೊತ್ತೈತೇನು?"

*

ಆಗ ಜಂಬಣ್ಣ ಒಂಬತ್ತನೇ ಕ್ಲಾಸು. ಕುರುಗೋಡಿನಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಒಂದು ಶನಿವಾರ, ಲೆಕ್ಕದ ಮೇಲೆ ಕೆಂಪು ತಪ್ಪು ಗುರುತು ಬಿದ್ದಿದ್ದ ಹಾಳೆ ಹಿಡಿದು ತನ್ನೂರು ಸಿರುಗುಪ್ಪಕ್ಕೆ ಹೋದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ನಿನ್ನ ಲೆಕ್ಕ ಸರಿ ಐತಲೇ. ನಾ ಉತ್ತರ ಹಾಕಿ ನೋಡದಂಗ ತಪ್ಪು ಹೊಡದಿದ್ದೆ."

"ಸೋಮವಾರ ಸಾಲ್ಯಾಗ ಹೇಳಿದ್ರ ಆಗತಿತ್ತಲ್ರಿ," ಎಂದಳು ತಾಯಿ.

"ಅಲ್ಲೀತನಕ ಹುಡುಗ ತನಗ ಬರಂಗಿಲ್ಲ ಅಂತ ತಿಳಕೊಂಡಿರತಾನಲ್ಲವ್ವ."

ಹಾಳೆ ತಿದ್ದಿ, ಒಂದು ಚೊಂಬು ನೀರು ಕುಡಿದು, ಮೇಷ್ಟ್ರು ವಾಪಸು ಬಸ್ಸು ಹತ್ತಿದರು. ಆಮೇಲೆ ಪ್ರತಿ ಕ್ಲಾಸಿನಲ್ಲೂ ಅವರದು ಒಂದೇ ಮಾತು: "ಉತ್ತರ ಬಂತಂತ ಪೆನ್ನು ಮುಚ್ಚಬ್ಯಾಡ್ರಿ. ಅದನ್ನ ಲೆಕ್ಕದೊಳಗ ಹಾಕಿ ನೋಡ್ರಿ. ಎಡಕ್ಕ ಎಷ್ಟು? ಬಲಕ್ಕ ಎಷ್ಟು?"

*

ಬಳ್ಳಾರಿಯ ಪಾರ್ವತಿನಗರದ ಟ್ರಸ್ಟ್ ಆಫೀಸಿನಲ್ಲಿ ಪರೀಕ್ಷೆಯ ಉಸ್ತುವಾರಿ ಹೇಮಾ ಮೇಡಮ್ ಅವರದು. ಅರ್ಜಿಯನ್ನು ಓದದೆಯೇ ಪಕ್ಕಕ್ಕಿಟ್ಟರು. "ಉತ್ತರಪಟ್ಟಿ ಪ್ರಿಂಟಾಗಿದೆಯಮ್ಮ. ಏನಿದ್ದರೂ ನಿಮ್ಮ ಮೇಷ್ಟ್ರೇ ಬಂದು ಮಾತಾಡಲಿ."

"ಅವರು ಬರಂಗಿಲ್ರಿ. ಇವತ್ತ ಅವರ ಮಣ್ಣು ಐತಿ."

ಹೇಮಾ ತಲೆಯೆತ್ತಿದರು. ಆಫ್ರೀನ್ ಅರ್ಜಿಯಲ್ಲಿದ್ದ ಲೆಕ್ಕದ ಮೇಲೆ ಬೆರಳಿಟ್ಟಳು.

"ನನ್ನ ಮಾತು ನಂಬಬ್ಯಾಡ್ರಿ ಮೇಡಮ್. ನೀವ ಹಾಕಿ ನೋಡ್ರಿ. ಏಳು ಹಾಕ್ರಿ. ಏಳರಾಗ ಎರಡು ಕಳದ್ರ ಐದು, ಐದ ಮೂರಲೆ ಹದಿನೈದು. ಈ ಕಡೆ ಹದಿನಾಲ್ಕು, ಐದು, ಹತ್ತೊಂಬತ್ತು. ಹದಿನೈದೂ ಹತ್ತೊಂಬತ್ತೂ ಒಂದ ಹ್ಯಾಂಗಾದಾವು?"

ಹೇಮಾ ಪೆನ್ನು ತೆಗೆದುಕೊಂಡರು.

"ಈಗ ಹನ್ನೊಂದು ಹಾಕಿ ನೋಡ್ರಿ."

"ಎಡಕ್ಕೆ ಒಂಬತ್ತ ಮೂರಲೆ ಇಪ್ಪತ್ತೇಳು," ಹೇಮಾ ತಮ್ಮಷ್ಟಕ್ಕೇ ಅಂದುಕೊಂಡರು. "ಬಲಕ್ಕೆ ಇಪ್ಪತ್ತೆರಡು, ಐದು... ಇಪ್ಪತ್ತೇಳು." ಉತ್ತರಪಟ್ಟಿಯನ್ನು ಹತ್ತಿರ ಎಳೆದುಕೊಂಡರು. "ಯಾರೋ ಒಳಗಿನ ಎರಡನ್ನು ಮೂರರಿಂದ ಗುಣಿಸೋದು ಮರೆತಿದ್ದಾರೆ." ಏಳನ್ನು ಹೊಡೆದುಹಾಕಿ, ಅವಳ ಅಂಕ ತಿದ್ದಿ ಪಟ್ಟಿಯಲ್ಲಿ ಹೆಸರು ಬರೆದರು. ಹದಿನೆಂಟನೆಯದು.

ಆಫ್ರೀನ್ ಕುರ್ಚಿ ಬಿಟ್ಟು ಏಳಲಿಲ್ಲ. "ಉಳದವ್ರ ಹಾಳೀನೂ ನೋಡ್ರಿ ಮೇಡಮ್. ಯಾರಾರ ಹನ್ನೊಂದು ಬರದಿರಬಹುದು."

ಹಾಳೆಗಳನ್ನೆಲ್ಲ ತಿರುವಿ ನೋಡುವಷ್ಟರಲ್ಲಿ ನಾಲ್ಕು ಗಂಟೆಯಾಯಿತು; ಇನ್ನೂ ಮೂವರು ಬರೆದಿದ್ದರು. ಆ ಮೂರೂ ಹಾಳೆ ತಿದ್ದಿದ ಮೇಲೆಯೇ ಅವಳು ಎದ್ದಳು. ಆಗಲೂ ಅವಳ ಹೆಸರು ಪಟ್ಟಿಯಲ್ಲೇ ಉಳಿದಿತ್ತು.

ವಾಪಸು ಬರುವಾಗ ಬಳ್ಳಾರಿಯ ಹೊರಗೆ ಬಸ್ಸು ಅದಿರಿನ ಲಾರಿಗಳ ಸಾಲಿನ ಹಿಂದೆ ನಿಂತುಬಿಟ್ಟಿತು. ಕಾಲು ಗಂಟೆ ಕಾದಳು. ಆಮೇಲೆ ಇಳಿದು, ಲಾರಿಗಳ ಪಕ್ಕಗಳನ್ನು ಹಿಡಿದು ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತ ಸಾಲು ಮುಗಿಯುವ ತನಕ ನಡೆದು, ಕುರುಗೋಡಿನ ಟೆಂಪೋ ಹಿಡಿದಳು.

ಸುಡುಗಾಡಿನಲ್ಲಿ ಮೇಷ್ಟ್ರನ್ನು ಕುಣಿಯೊಳಗೆ ಇಳಿಸಿಯಾಗಿತ್ತು. ಓಬಣ್ಣ ಸಲಿಕೆಯನ್ನು ಅಡ್ಡ ಹಿಡಿದು ನಿಂತಿದ್ದ. "ಹೊತ್ತು ಮುಳುಗಾಕ ಬಂತು," ಎಂದವರಿಗೆಲ್ಲ, "ಆ ಹುಡುಗಿ ಬರಲಿ ತಡೀರಿ," ಎನ್ನುತ್ತಿದ್ದ.

ಆಫ್ರೀನ್ ಓಡಿ ಬಂದು ಸುವರ್ಣಮ್ಮನ ಎದುರು ನಿಂತಳು. "ನನ್ನ ಹೆಸರು ಬಂತ್ರಿ ಅಮ್ಮಾರ. ಇನ್ನ ಮೂರು ಮಂದೀದೂ ಸರಿ ಮಾಡಿದ್ರು."

"ಹಾಕಿ ನೋಡಿದ್ರೇನು?"

"ನೋಡಿದ್ರು. ಅವರ ಕೈಲೆ."

ಸುವರ್ಣಮ್ಮ ಕುಣಿಯ ದಂಡೆಯ ಮೇಲೆ ಕುಸಿದು ಕೂತು, ಆ ದಿನ ಮೊದಲ ಸಲ ಬಾಯಿಬಿಟ್ಟು ಅತ್ತರು. ಓಬಣ್ಣ ಪಕ್ಕಕ್ಕೆ ಸರಿದು ಹುಡುಗಿಗೆ ಜಾಗ ಕೊಟ್ಟ. ಅದಿರಿನ ಧೂಳಿನಿಂದ ಕೆಂಪಾಗಿದ್ದ ಬೊಗಸೆಯಲ್ಲಿ ಆಫ್ರೀನ್ ಎರೆಮಣ್ಣು ತುಂಬಿಕೊಂಡಳು. ಬಗ್ಗಿ, ಎಷ್ಟು ಕೆಳಗೆ ಕೈ ಚಾಚಲು ಆಗುತ್ತದೋ ಅಷ್ಟು ಕೆಳಗೆ ಚಾಚಿ, ಮೆಲ್ಲಗೆ ಬಿಟ್ಟಳು.