ಚಾರ್ಟಿನ ಮೇಲೊಂದು ಉಬ್ಬು

ನಮ್ಮ ಪ್ರಯೋಗಶಾಲೆಯ ಹಿಂದಿನ ಕಿರುಕೋಣೆಗೆ, ಯಂತ್ರದ ಪೆನ್ನು ಓಡುತ್ತಿರುವಾಗ, ಯಾರೂ ಕಾಲಿಡುವಂತಿರಲಿಲ್ಲ. ಅಲ್ಲೊಂದು ಮರದ ಪೆಟ್ಟಿಗೆ, ಅದರೊಳಗೆ ಗಾಜಿನ ಪಾತ್ರೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಅವು ಬೆಳೆಯುತ್ತ ಬಿಡುವ ಚೂರೇ ಚೂರು ಶಾಖವನ್ನು ಪೆನ್ನು ಚಾರ್ಟಿನ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ‘ಬ್ಯುಸಿ ಆದರೇನೇ ಬಿಸಿ’ ಎಂದು ನಾನು ಎಲ್ಲರನ್ನೂ ನಗಿಸುತ್ತಿದ್ದೆ. ಪಕ್ಕದಲ್ಲಿ ಮನುಷ್ಯ ನಿಂತರೆ ಅವನ ಮೈಬಿಸಿಗೇ ಗೆರೆ ಕೆಡುತ್ತಿತ್ತು.

ಬಾಗಿಲು ಕಾಯುತ್ತಿದ್ದವನು ವಿಜಾಪುರದ ಕಡೆಯ ಖಂಡಪ್ಪ. ಆರು ವರ್ಷದಿಂದ ಟೆಂಪರರಿ ಪ್ಯೂನ್. ಎಪ್ಪತ್ತಮೂರರ ಆ ಶನಿವಾರ ನಮ್ಮ ಪಿಎಚ್‌ಡಿ ಗೈಡ್ ವೆಂಕಟಸುಬ್ಬಯ್ಯನವರು ಅವನನ್ನು ಪರ್ಮನೆಂಟ್ ಮಾಡುವ ಪತ್ರಕ್ಕೆ ಸಹಿ ಹಾಕುವವರಿದ್ದರು.

ಅದಕ್ಕೆ ಎರಡು ದಿನ ಮೊದಲು, ಗುರುವಾರ, ಸರ್ ಏನೋ ಕೆಲಸಕ್ಕೆ ಪೇಟೆಯ ಫೋರ್ಟ್ ಕಡೆಗೆ ಹೋಗಿದ್ದರು. ನಾನು ತಮಾಷೆಗೆಂದು ಕಪಾಟಿನ ಮರೆಯಲ್ಲಿ ನಿಂತು ಅವರ ಮೂಗುದನಿ ತೆಗೆದೆ.

“ಖಂಡಪ್ಪಾ! ಒಳಗೆ ಹೋಗಿ ಪೆಟ್ಟಿಗೆ ಪಕ್ಕ ನಿಂತ್ಕೊಳಯ್ಯಾ. ನಾನು ಹೇಳೋವರೆಗೂ ಅಲ್ಲಾಡ್ಬೇಡ!”

ಆತ ಚಪ್ಪಲಿ ಬಿಟ್ಟು ಒಳಗೆ ಹೋದ. ಎರಡು ನಿಮಿಷಕ್ಕೆ ಕರೆಯೋಣವೆಂದುಕೊಂಡವನು ಗೆಳೆಯನೊಬ್ಬ ಸಿಕ್ಕನೆಂದು ಕಾಫಿಗೆ ಹೋಗಿ ಮರೆತೇಬಿಟ್ಟೆ.

ಮರಳಿದಾಗ ಸರ್ ಚಾರ್ಟು ಹಿಡಿದು ನಿಂತಿದ್ದರು. ಗೆರೆಯ ನಡುವೆ ಒಂಟೆಯ ಡುಬ್ಬದಂಥ ಉಬ್ಬು.

“ನೀವ ಹೇಳಿದ್ರಲ್ರೀ ಸಾಹೇಬ್ರ, ನಿಂದ್ರು ಅಂತ!”

“ನಾನು ಫೋರ್ಟಲ್ಲಿದ್ದೆ ಕಣಯ್ಯಾ! ಸುಳ್ಳು ಬೇರೆ ಹೇಳ್ತೀಯಾ?”

ಪತ್ರ ಡ್ರಾಯರಿಗೆ ಹೋಯಿತು, ಖಂಡಪ್ಪ ಬಾಟಲಿ ತೊಳೆಯಲು ಹೋದ. ಹತ್ತು ಜನರ ದನಿ ಬಲ್ಲ ನನ್ನ ಬಾಯಿಂದ ನನ್ನದೊಂದು ದನಿ ಹೊರಡಲಿಲ್ಲ.

ಸೋಮವಾರ ನೋಡಿದರೆ ಅವನ ತೋಳಿಗೆ ಕರಿದಾರದ ತಾಯತ.

“ಇದೇನೋ ಖಂಡಪ್ಪಾ?”

“ಮನ್ಯಾಕಿ ಕಟ್ಯಾಳ್ರೀ. ಇಲ್ಲದ ದನಿ ಕಿವ್ಯಾಗ ಕೇಳ್ತಾವಂದ್ರ ಗಾಳಿ ಬಡದಿರ್ಬೇಕಂತ. ಸಾಹೇಬ್ರು ಸುಳ್ಳ ಹೇಳೂ ಮಂದಿ ಅಲ್ಲ. ನನಗ ಹುಚ್ಚ ಹಿಡದಿರ್ಬೇಕ್ರೀ ಅಣ್ಣಾರ.”

ನೆಟ್ಟಗೆ ಸರ್ ಕೋಣೆಗೆ ಹೋದೆ. “ಸರ್, ಅವತ್ತು...” ಎಂದು ಶುರುಮಾಡಿದೆ. ಕಣ್ಣು ಮುಚ್ಚಿ ಅವರದೇ ದನಿಯಲ್ಲಿ ಹೇಳಿದೆ: “ಒಳಗೆ ಹೋಗಿ ಪೆಟ್ಟಿಗೆ ಪಕ್ಕ ನಿಂತ್ಕೊಳಯ್ಯಾ.”

ಸರ್ ಚಾರ್ಟನ್ನು ಇನ್ನೊಮ್ಮೆ ಬಿಡಿಸಿ ಆ ಉಬ್ಬು ನೋಡಿದರು. ಆಮೇಲೆ ಡ್ರಾಯರು ಎಳೆದು ಪತ್ರಕ್ಕೆ ಸಹಿ ಹಾಕಿದರು.

“ತಗೊಂಡು ಹೋಗಿ ಅವನಿಗೆ ಕೊಡು. ನಡೆದದ್ದನ್ನ ಹೇಳು. ನಿನ್ನ ದನೀಲಿ ಹೇಳು.”

ಹೇಳಿದೆ. ಖಂಡಪ್ಪ ಬೈಯಲಿಲ್ಲ. ಒದ್ದೆ ಕೈ ಒರೆಸಿಕೊಂಡು, “ಹಂಗಾರ ನನಗ ಹುಚ್ಚ ಹಿಡದಿಲ್ಲನ್ರೀ?” ಎಂದಷ್ಟೇ ಕೇಳಿ ತಾಯತ ಬಿಚ್ಚಿದ.

ಮತ್ತೆ ಅದೇ ಬಾಗಿಲು, ಅದೇ ಸ್ಟೂಲು. ಆದರೆ ಅಂದಿನಿಂದ ತಮ್ಮ ಕೋಣೆಯಿಂದ ಸರ್ “ಖಂಡಪ್ಪಾ!” ಎಂದು ಕೂಗಿದರೆ, ಅವನು ಮೊದಲು ನನ್ನ ಬಾಯಿ ನೋಡುತ್ತಿದ್ದ. ಅದು ಮುಚ್ಚಿದ್ದರಷ್ಟೇ ಏಳುತ್ತಿದ್ದ.